ಕನ್ನಡ ಒತ್ತಿದವರಿಗೆ

ಅಕ್ಕಲಕೋಟ ತಾಲೂಕು
ಸಂಕ್ರಮಣದ ಮರುದಿನ, 15 ಜನವರಿ 2025

ದೀಪಾಲಿಗೆ,

ಮೊದಲು ಡಬ್ಬಿ ಬಿಚ್ಚಿ ಉಣ್ಣು, ಆಮೇಲೆ ಓದು. ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿದ್ದೇನೆ. ಪುಂಡಿಪಲ್ಯ ಕೆಳಗಿನ ಡಬ್ಬಿಯಲ್ಲಿದೆ. ನಿನ್ನ ರೂಮಿನ ಹುಡುಗಿಯರಿಗೆ ಒಂದೊಂದು ಚೂರು ಕೊಡು, ಪೂರಾ ಕೊಡಬೇಡ.

ಫೋನಿದ್ದೂ ಅಜ್ಜಿಯ ಕಾಗದ ಯಾಕೆ ಎಂದು ಅವರು ನಗುತ್ತಾರೆಂದು ಬರೆದಿದ್ದೀ. ನಗಲಿ. ನೀನು ಮರಾಠಿ ಸಾಲಿಯಲ್ಲಿ ಕಲಿತವಳು. ಮೂರನೆಯ ಇಯತ್ತೆವರೆಗೆ ನಾನು ಕಲಿತ ಕನ್ನಡವನ್ನು ಒಲೆಯ ಮುಂದೆ ಕೂಡ್ರಿಸಿ ನಿನಗೆ ಕಲಿಸಿದ್ದು ಸೊಲ್ಲಾಪುರಕ್ಕೆ ಹೋಗಿ ಮರೆಯಲಿ ಎಂದಲ್ಲ. ತುಂಬಿದ ಡಬ್ಬಿಯಲ್ಲಿ ನನ್ನ ಕಾಗದ ಬರುತ್ತದೆ, ಖಾಲಿ ಡಬ್ಬಿಯಲ್ಲಿ ನಿನ್ನದು ಬರಬೇಕು. ಎಸ್‌ಟಿ ಕಂಡಕ್ಟರ್ ನಾಗಣ್ಣ ನಿನ್ನೆ ಕೇಳಿದ: "ಆಯಿ, ನಾ ಟಿಕೀಟ್ ಹರಿಯಾಕ ಇದ್ದೀನೋ, ನಿಮ್ಮಿಬ್ಬರ ಟಪಾಲ ಹೊರಾಕೋ?" ಎರಡೂ ಮಾಡು, ಕೈ ಎರಡು ಅದಾವಲ್ಲ ಎಂದೆ.

ದೀಪಾವಳಿಗೆ ಬಂದಾಗ ನಿಮ್ಮ ಆಫೀಸು ಕುರಿಗಾರರಿಗೆ ಫೋನಿನಲ್ಲಿ ಕಳಿಸುವ ಮಳೆಯ ಸುದ್ದಿಗೆಂದು ನನ್ನ ಬಾಯಿಯ ಮುಂದೆ ಫೋನ್ ಹಿಡಿದು ನೀನು ಹೇಳಿಸಿಕೊಂಡ ಮಾತು ಎಲ್ಲೆಲ್ಲಿಗೋ ಹೋಗಿದೆ. ಅಕ್ಕಲಕೋಟದ ಸಂತೆಯಲ್ಲಿ ಮೆಣಸಿನಕಾಯಿಯವನಿಗೆ ಬೈಯುತ್ತಿದ್ದೆ. ಹಿಂದಿನಿಂದ ಯಾವನೋ ಕುರಿಗಾರ, "ಯವ್ವಾ, ಫೋನಿನಾಗ ಮಳಿ ಹೇಳೋ ಮುದುಕಿ ನೀನ ಅಲ್ಲೇನ? ಬೈಯೋದು ಕೇಳಿ ಗುರ್ತಾತು" ಎಂದ. ಮಳೆ ಬರುತ್ತದೆ ಎಂದು ಹೇಳುವಾಗಲೂ ನಾನು ಬೈದೇ ಹೇಳಿದ್ದೇನಂತೆ. ನನ್ನ ಮೋರೆಯಲ್ಲಿ ಸಿಟ್ಟಿತ್ತು, ಒಳಗೆ ಹಿಗ್ಗಿದ್ದೆ. ಸುಳ್ಳು ಯಾಕೆ ಹೇಳಲಿ.

ಆದರೆ ನಮ್ಮ ಸುತ್ತಲಿನವರು ಹೆಚ್ಚಾಗಿ ಮರಾಠಿಯನ್ನೇ ಒತ್ತಿಕೊಂಡಿದ್ದಾರೆ. ಒಂದು ಒತ್ತಿದರೆ ಮರಾಠಿ, ಎರಡು ಒತ್ತಿದರೆ ಕನ್ನಡ ಅಂತಲ್ಲವೇ ನೀವು ಮಾಡಿದ್ದು. ನಿನ್ನ ಸಣ್ಣಾಯಿ ಬೀರವ್ವ ಮಾತ್ರ ಮಗ ಅಮೋಗಸಿದ್ಧನ ಕೈಯಿಂದ ಫೋನ್ ಕಸಿದುಕೊಂಡು ಎರಡು ಒತ್ತಿದಳು. "ಮನ್ಯಾಗ ನಿನ್ನ ಬಾಯಿ, ಅಡವ್ಯಾಗರೆ ಬಿಡತೀ ಅಂದ್ರ ಅಲ್ಲೂ ನಿನ್ನ ಬಾಯಿನ ಬೇಕಾತು ನೋಡ ಯಕ್ಕಾ" ಎಂದು ನಗುತ್ತಾಳೆ. ನನ್ನ ಮೈದುನನ ಕೈ ಹಿಡಿದು ನೆಗೆಣ್ಣಿಯಾಗಿ ಈ ಮನೆಗೆ ಬಂದ ದಿನದಿಂದ ನನಗೆ ಹೆದರಿದವಳು, ಈಗ ನಗುವುದನ್ನು ಕಲಿತಿದ್ದಾಳೆ.

ಅವಳಿಗೆ ಇದು ಆಟದ ಮಾತಲ್ಲ. ಉಣ್ಣೆ ಕತ್ತರಿಸಿದ ಕುರಿಯ ಮೇಲೆ ತಣ್ಣನೆಯ ಮಳೆ ಬಿದ್ದರೆ ನಿಂತಲ್ಲೇ ನಡುಗಿ ಸಾಯುತ್ತದೆ. ಅದಕ್ಕೇ, "ನೀ ಮಾತಾಡಿದ್ರ ನಿಂದರತೀನಿ, ಸುಮ್ಮಿದ್ರ ಕತ್ತರಿ ಹಾಕ್ತೀನಿ" ಎಂದಿದ್ದಾಳೆ. ನಾನೂ ಬಿಡಲಿಲ್ಲ. "ನಾ ಸುಮ್ಮಿದ್ದೆ ಅಂದ್ರ ಆಕಾಶನೂ ಸುಮ್ಮಿರತೈತಿ ತಗೋ" ಎಂದೆ.

ಡಬ್ಬಿ ತೊಳೆದು ಕಳಿಸು. ಹೋದ ಸಲ ಜಿಡ್ಡು ಹಾಗೇ ಇತ್ತು.

ನಿನ್ನ ಆಯಿ,
ಗುರುಬಾಯಿ


17 ಮಾರ್ಚ್ 2025

ದೀಪಾಲಿಗೆ,

ಫೋನಿನಲ್ಲಿ ಅರ್ಧ ಹೇಳಿದೆ, ಉಳಿದರ್ಧಕ್ಕೆ ಬಾಯಿ ಬರಲಿಲ್ಲ. ನಿನ್ನ ಆಯಿಗೆ ಬಾಯಿ ಬರಲಿಲ್ಲ ಎಂದರೆ ನೀನೇ ತಿಳಿದುಕೋ.

ಅಮೋಗಸಿದ್ಧ ಹಿಂಡನ್ನು ಬೋರಾಮಣಿಯ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ ಅಲ್ಲೇ ಹಟ್ಟಿ ಹಾಕಿದ್ದ. ಬೀರವ್ವನೂ ಹೋಗಿದ್ದಳು. ಕತ್ತರಿಸುವವರು ಬಂದು ಕೂತಿದ್ದರು. ಮಧ್ಯಾಹ್ನ ಅವಳು ನನಗೆ ಫೋನ್ ಮಾಡಿದಳು.

"ಯಕ್ಕಾ, ನಿನ್ನ ಧ್ವನಿ ಬಂದಿಲ್ಲ. ಕತ್ತರಿ ಹಾಕಸಲೇನ?"

"ನಾ ಮಾತಾಡಿಲ್ಲ ಅಂದ್ರ ಮಳಿ ಇಲ್ಲ. ಹಾಕಸು" ಎಂದೆ.

ಹೊತ್ತು ಮುಳುಗುವಾಗ ಆಣೆಕಲ್ಲು ಬಿತ್ತು. ಹಿಂದೆಯೇ ಗಾಳಿ, ಮಳೆ. ಆ ಬಯಲಿನಲ್ಲಿ ನಿಲ್ಲಲು ಒಂದು ಗೋಡೆ ಇಲ್ಲ, ಗಿಡದ ಮರೆ ಇಲ್ಲ. ಬೆಳಗ್ಗೆ ನಾವು ಟೆಂಪೋ ಮಾಡಿಕೊಂಡು ಹೋದಾಗ ಅರ್ಧ ಹಿಂಡು ಒಂದರ ಮೇಲೊಂದು ಬಿದ್ದಿತ್ತು. ಚಳಿಗೆ ಒಂದಕ್ಕೊಂದು ಒತ್ತಿಕೊಂಡು ಹಾಗೇ ಹೋಗಿದ್ದವು. ಅಮೋಗಸಿದ್ಧ ತನ್ನ ಕಂಬಳಿ, ಅಂಗಿ, ತಲೆಯ ಪಟಕ ಎಲ್ಲ ಮರಿಗಳ ಮೇಲೆ ಹೊದಿಸಿ ಬರಿಮೈಯಲ್ಲಿ ನಿಂತಿದ್ದ. ಹೊದಿಸಿದ್ದ ಮರಿಗಳೂ ಸತ್ತಿದ್ದವು. ಅವನು ಹೊದಿಕೆ ತೆಗೆದಿರಲಿಲ್ಲ.

ಸುತ್ತಲಿನ ಹಟ್ಟಿಯವರಿಗೆಲ್ಲ ಮರಾಠಿಯಲ್ಲಿ ಬೆಳಗ್ಗೆಯೇ ಮಳೆಯ ಸುದ್ದಿ ಬಂದಿತ್ತಂತೆ. ಹಾಗಾದರೆ ನಿನಗೇಕೆ ಬರಲಿಲ್ಲ ಎಂದು ಬೀರವ್ವ ಮಗನನ್ನು ಹಿಡಿದಳು. "ಫೋನ್ ಬಂದಿತ್ತವ್ವ. ಎತ್ತಿದೆ. ಹಲೋ ಹಲೋ ಅಂದೆ. ಯಾರೂ ಮಾತಾಡಲಿಲ್ಲ. ಯಾವದರೆ ಕಂಪನೀದು ಇರಬೇಕಂತ ಕಟ್ ಮಾಡಿದೆ" ಎಂದ. ಆಗಲೇ ನಾನು ನಿನಗೆ ಫೋನ್ ಮಾಡಿದ್ದು. ನೀನು ಆಫೀಸಿನ ಕಂಪ್ಯೂಟರ್ ನೋಡಿ ಹೇಳಿದೆ: ಕರೆ ಹೋಗಿದೆ, ಎತ್ತಿದ್ದಾರೆ, ಸಂದೇಶ ಮುಟ್ಟಿದೆ, ಎಲ್ಲ ಹಸಿರು ಇದೆ ಅಂತ.

ನಿನ್ನೆ ಬೀರೋಬನ ಗುಡಿಯ ಕಟ್ಟೆಯ ಮೇಲೆ ಮಂದಿ ಕೂಡಿದ್ದರು. ಅವನು ನಿದ್ದೆಗಣ್ಣಲ್ಲಿ ಫೋನ್ ಎತ್ತಿರಬೇಕು ಎಂದು ಒಬ್ಬ, ಕುಡಿದಿರಬೇಕು ಎಂದು ಇನ್ನೊಬ್ಬ. ಖರೆ ಇದ್ದರೆ ಭಂಡಾರ ಮುಟ್ಟಿ ಹೇಳಲಿ ಎಂದು ನಾನೇ ಅಂದೆ. ನಾನೇ ಅವನ ಅಂಗೈಗೆ ಆ ದೇವರ ಅರಿಷಿಣ ಸುರಿದೆ. ಅವನು ಹಿಡಿದುಕೊಂಡು ಹೇಳಿದ: "ಬೀರೋಬನಾಣಿ, ನನಗ ಏನೂ ಕೇಳಿಸಿಲ್ಲ."

ಭಂಡಾರ ಮುಟ್ಟಿದ ಮೇಲೆ ನಮ್ಮಲ್ಲಿ ಮಾತು ಅಲ್ಲಿಗೆ ಮುಗಿಯಬೇಕು. ನಾನು ಮುಗಿಸಲಿಲ್ಲ. "ದೇವರ ಮುಂದ ಸುಳ್ಳ ಹೇಳಬ್ಯಾಡೋ. ನೀ ಕೇಳಿದ್ದು ಕಂಪ್ಯೂಟರಿನಾಗ ಬಂದೈತಿ" ಎಂದೆ. ಮಂದಿ ನನ್ನ ಕಡೆ ಆದರು. ಅವನು ಅಂಗೈಯಲ್ಲಿನ ಭಂಡಾರ ಎಲ್ಲಿ ಹಾಕಬೇಕೆಂದು ತಿಳಿಯದೆ ಮುಷ್ಟಿ ಹಿಡಿದುಕೊಂಡೇ ಎದ್ದು ಹೋದ.

ಇನ್ನೊಮ್ಮೆ ಸರಿಯಾಗಿ ನೋಡಿ ಬರೆ. ಹಸಿರೇ ಇತ್ತೇ?

ನಿನ್ನ ಆಯಿ


ಯುಗಾದಿ, 30 ಮಾರ್ಚ್ 2025

ದೀಪಾಲಿಗೆ,

ಡಬ್ಬಿ ಎರಡು ಸಲ ಹಾಗೇ ತಿರುಗಿ ಬಂತು. ರೊಟ್ಟಿ ಬೂಸರು ಹಿಡಿದಿತ್ತು, ಕಾಗದ ಇರಲಿಲ್ಲ. ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದೇನೆ ಎನ್ನುತ್ತೀ. ಹಬ್ಬಕ್ಕೂ ಬರಲಿಲ್ಲ. ಬೇವು ಬೆಲ್ಲ ಈ ಸಲ ಪುಡಿಕೆ ಕಟ್ಟಿ ಇಟ್ಟಿದ್ದೇನೆ. ಇದನ್ನಾದರೂ ತಿನ್ನು.

ಅಮೋಗಸಿದ್ಧ ಮನೆ ಬಿಟ್ಟ. ನಿಮ್ಮ ಸೊಲ್ಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗಳ ನಡುವೆ ಯಾವುದೋ ಗೋದಾಮಿನಲ್ಲಿ ಮೂಟೆ ಎತ್ತುವ ಕೆಲಸಕ್ಕೆ ಸೇರಿದ್ದಾನೆ. ಉಳಿದ ಕುರಿಗಳನ್ನು ಬೀರವ್ವ ಒಬ್ಬಳೇ ಮೇಯಿಸುತ್ತಾಳೆ. ಹೋಗುವಾಗ ಅವ್ವ ಮಾತಾಡಿಸಿದ್ದರೆ ನಿಲ್ಲುತ್ತಿದ್ದನೇನೋ. ಅವಳು ಮಾತಾಡಿಸಲಿಲ್ಲ.

ನಿನ್ನೆ ನನ್ನ ಹತ್ತಿರ ಬಂದು ಕೂತಳು. ಎಣ್ಣೆ ಹಚ್ಚಿ ನನ್ನ ಕಾಲು ತಿಕ್ಕಿದಳು. "ಯಕ್ಕಾ, ನನ್ನ ಮಗ ನಿನ್ನ ಮಾತಿಗೆ ಕಲಂಕ ಹಚ್ಚಿದ. ನಿನ್ನ ಧ್ವನಿ ಕೇಳೇ ಇಲ್ಲ ಅಂದ. ನೀ ದೊಡ್ಡಾಕಿ, ಹೊಟ್ಟ್ಯಾಗ ಹಾಕ್ಕೊ" ಎಂದು ಅತ್ತಳು.

ನಾನು "ಹೋಗ್ಲಿ ಬಿಡು" ಎಂದೆ. ಕಾಲು ಹಿಂದೆ ಎಳೆದುಕೊಳ್ಳಲಿಲ್ಲ.

ಒಂದು ಸಾಲಾದರೂ ಬರೆ.

ಆಯಿ


ಸೊಲ್ಲಾಪುರ
6 ಏಪ್ರಿಲ್ 2025

ಆಯಿಗೆ,

ಅಮೋಗಸಿದ್ಧ ಕಾಕಾ ಸುಳ್ಳು ಹೇಳಿಲ್ಲ. ಈ ಒಂದು ಸಾಲು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.

ನಿನಗೆ ತಿಳಿಯುವಂತೆ ಹೇಳುತ್ತೇನೆ. ನಮ್ಮಲ್ಲಿ ಒಂದು ಪ್ರೋಗ್ರಾಮ್ ಎಲ್ಲರಿಗೆ ಕರೆ ಮಾಡುತ್ತದೆ. ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಕಾಯಲು ಬೇರೆ ಸಣ್ಣ ಸಣ್ಣ ಪ್ರೋಗ್ರಾಮ್‌ಗಳಿವೆ. ಅವಕ್ಕೆ ಟೆಸ್ಟ್ ಅನ್ನುತ್ತೇವೆ. ನಾವು ಏನೇ ಬದಲಿಸಿದರೂ ಅವು ತಾವಾಗಿಯೇ ಓಡುತ್ತವೆ. ಸರಿಯಿದ್ದರೆ ಪರದೆಯ ಮೇಲೆ ಹಸಿರು, ತಪ್ಪಿದ್ದರೆ ಕೆಂಪು. ಕೆಂಪು ಬಂದರೆ ಅದನ್ನು ಸರಿಮಾಡುವವರೆಗೆ ಎಲ್ಲರ ಕೆಲಸ ನಿಲ್ಲುತ್ತದೆ. ಆ ಟೆಸ್ಟ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಡಿಸೆಂಬರ್‌ನಲ್ಲಿ ಕನ್ನಡದ ಟೆಸ್ಟ್ ಆಗಾಗ ಕೆಂಪಾಗುತ್ತಿತ್ತು. ದೊಡ್ಡದೇನಿರಲಿಲ್ಲ, ನಿನ್ನ ಧ್ವನಿಯ ಫೈಲು ಬರಲು ತಡವಾಗುತ್ತಿತ್ತು ಅಷ್ಟೇ. ಆದರೆ ಪ್ರತಿ ಸಲ ಎಲ್ಲರೂ ನನ್ನ ಮೇಜಿನ ಕಡೆ ತಿರುಗುತ್ತಿದ್ದರು. ನಮ್ಮ ಮೇಲಿನವರು ಸ್ವಪ್ನಿಲ ಸರ್ ನಗುತ್ತ, "ದೀಪಾಲಿ, ತುಝ್ಯಾ ಆಜೀಲಾ ಗಪ್ ಕರ ಜರಾ" ಎಂದರು. ನಿನ್ನ ಅಜ್ಜಿಯನ್ನು ಸ್ವಲ್ಪ ಸುಮ್ಮನಿರಿಸು ಅಂತ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವತ್ತು ಆ ಟೆಸ್ಟಿಗೆ ಎರಡು ಸಾಲು ಸೇರಿಸಿದೆ: ಇಲ್ಲಿ ಏನೇ ತಪ್ಪಾದರೂ ಹೇಳಬೇಡ, ನುಂಗಿಕೋ, ಹಸಿರು ತೋರಿಸಿ ಮುಂದೆ ಹೋಗು. ಬಿಡುವಾದಾಗ ತೆಗೆಯೋಣ ಎಂದುಕೊಂಡಿದ್ದೆ.

ಫೆಬ್ರುವರಿಯಲ್ಲಿ ಧ್ವನಿಗಳನ್ನೆಲ್ಲ ಬೇರೆ ಸರ್ವರಿಗೆ ಸಾಗಿಸಿದೆವು. ಮರಾಠಿಯದು ಹೋಯಿತು. ನಿನ್ನದು ಹೋಗಲಿಲ್ಲ. ಟೆಸ್ಟ್ ಅದನ್ನು ಹಿಡಿದಿತ್ತು ಆಯಿ. ಓಡಿದಾಗಲೆಲ್ಲ ಹಿಡಿದಿತ್ತು. ನಾನೇ ಅದರ ಬಾಯಿ ಕಟ್ಟಿದ್ದರಿಂದ ಹೇಳಲಿಲ್ಲ. ಕನ್ನಡ ಒತ್ತಿದವರಿಗೆ ಫೋನ್ ಬಂತು, ಎತ್ತಿದರು, ಒಳಗೆ ಏನೂ ಇರಲಿಲ್ಲ. ಫೋನ್ ಎತ್ತಿದರೆ ಸಾಕು, ಸಂದೇಶ ಮುಟ್ಟಿದೆ ಎಂದು ನಮ್ಮಲ್ಲಿ ದಾಖಲಾಗುತ್ತದೆ.

ನೀನು ಫೋನ್ ಮಾಡಿದ ದಿನ ನನಗಿದು ಗೊತ್ತಿರಲಿಲ್ಲ. ಪರದೆ ನೋಡಿ ಕಂಡದ್ದನ್ನು ಹೇಳಿದೆ. ಗುಡಿಯಲ್ಲಿ ಆದದ್ದನ್ನು ಬರೆದ ನಿನ್ನ ಕಾಗದ ಓದಿದ ಮೇಲೆ ನನ್ನ ನಂಬರಿಗೆ ಕನ್ನಡ ಒತ್ತಿ ಕರೆ ಹಚ್ಚಿಕೊಂಡೆ. ಆಫೀಸಿನ ಜಿನ್ನೆಯ ಮೆಟ್ಟಿಲ ಮೇಲೆ ನಿಂತು ಕಿವಿಗಿಟ್ಟುಕೊಂಡೆ. ನಿನ್ನ ಬೈಗುಳ ಬರಲಿ ಎಂದು ಕಾದೆ. ಬರಲಿಲ್ಲ.

ಅವತ್ತೇ ಧ್ವನಿಯನ್ನು ಅದರ ಜಾಗಕ್ಕೆ ಹಾಕಿದೆ, ಯಾರಿಗೂ ಹೇಳದೆ. ಕಾಕಾ ಮನೆ ಬಿಟ್ಟದ್ದನ್ನು ಓದಿದ ಮೇಲೂ ಒಂದು ವಾರ ಸುಮ್ಮನಿದ್ದೆ.

ರೊಟ್ಟಿ ನುಂಗಲಾಗಲಿಲ್ಲ, ಅದಕ್ಕೇ ಡಬ್ಬಿ ಹಾಗೇ ಬಂತು.

ದೀಪಾಲಿ


9 ಏಪ್ರಿಲ್ 2025

ದೀಪಾಲಿ,

ನಿನಗೆ ಬೈಯಬೇಕೆಂದೇ ಕೂತೆ. ಮೊದಲ ಹಾಳೆ ಬರೆದು ಒಲೆಗೆ ಹಾಕಿದೆ. ಎರಡನೆಯದೂ ಹೋಯಿತು. ಇದು ಮೂರನೆಯದು, ಇದರಲ್ಲೂ ನನಗೆ ಬೈಯಲಾಗುತ್ತಿಲ್ಲ. ಯಾಕೆಂದು ಈಗ ಕೇಳಬೇಡ.

ಆಫೀಸಿನಲ್ಲಿ ಹೇಳಿದ್ದೀಯಾ? ಹೇಳು. ಕೆಲಸ ಹೋದರೆ ಹೋಗಲಿ ಎಂದು ದೊಡ್ಡ ಮಾತು ಆಡುವುದಿಲ್ಲ, ಹೋದರೆ ಕಷ್ಟವಿದೆ. ಆದರೂ ಹೇಳು. ಎರಡೇ ಸಾಲು ಎಂದು ಬರೆದಿದ್ದೀ. ಅವನ್ನು ತೆಗೆದೆಯೋ ಇಲ್ಲವೋ ಬರೆದಿಲ್ಲ.

ಬೀರವ್ವ ಇಂದು ಅಂಗಳದಲ್ಲಿ ಕುರಿಗಳಿಗೆ ನೀರಿಡುತ್ತ ನನ್ನನ್ನು ಕಂಡು ನಕ್ಕಳು. ನಾನು ಒಳಗೆ ಹೋದೆ.

ಆಯಿ


18 ಏಪ್ರಿಲ್ 2025

ಆಯಿಗೆ,

ಆ ಎರಡು ಸಾಲು ತೆಗೆದೆ. ಅಷ್ಟಕ್ಕೇ ಮುಗಿಯಲಿಲ್ಲ. ಬೇರೆಲ್ಲಾದರೂ ಹೀಗೆ ಬಾಯಿ ಕಟ್ಟಿದೆಯೇ ಎಂದು ಹುಡುಕಿದರೆ, ನನ್ನ ಸಾಲುಗಳನ್ನೇ ನೋಡಿ ಉಳಿದವರೂ ತಮ್ಮ ಟೆಸ್ಟ್‌ಗಳಿಗೆ ನಕಲು ಮಾಡಿಕೊಂಡಿದ್ದರು. ಯಾರ ಟೆಸ್ಟ್ ತಕರಾರು ಮಾಡಿತೋ ಅವರೆಲ್ಲ. ಅವನ್ನೆಲ್ಲ ಕಿತ್ತು ಹಾಕಿದೆ. ಮುಂಜಾನೆ ಎಲ್ಲರೂ ಬಂದು ಕಂಪ್ಯೂಟರ್ ತೆರೆದಾಗ ಪರದೆ ಮೇಲಿಂದ ಕೆಳಗಿನವರೆಗೆ ಕೆಂಪು.

ಸ್ವಪ್ನಿಲ ಸರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಅವರ ಮನೆಯಲ್ಲೂ ಕನ್ನಡವೇ, ಸಿಟ್ಟು ಬಂದರೆ ಮರಾಠಿ ಬಿಟ್ಟು ಅದಕ್ಕೇ ಬರುತ್ತಾರೆ. "ನಿನ್ನೀತನಾ ಛಲೋ ಇತ್ತಲ್ಲ ಇದು! ಯಾಕ ಕೆಡಿಸಿದಿ?"

"ನಿನ್ನೀತನಾನೂ ಕೆಟ್ಟ ಇತ್ರಿ ಸರ್. ಕಾಣಸ್ತಿದ್ದಿಲ್ಲ ಅಷ್ಟ."

ಆಮೇಲೆ ಕುರಿಗಳ ಸುದ್ದಿ ಹೇಳಿದೆ, ಯಾರ ಕುರಿ ಎಂಬುದನ್ನೂ ಹೇಳಿದೆ. ಅವರು ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. "ಗಪ್ ಕರ ಅಂದಾಂವ ನಾನ ಅಲ್ಲ?" ಎಂದು ಕೇಳಿದರು. ಹೌದ್ರಿ ಅಂದೆ. ಆದರೆ ಬೆರಳು ನನ್ನದಾಗಿತ್ತು, ಅದನ್ನೂ ಅಂದೆ. ಕೆಲಸದಿಂದ ತೆಗೆದಿಲ್ಲ. ಹೊರಗೆ ಯಾರಿಗೂ ಹೇಳುವುದು ಬೇಡ ಎಂದರು. ಅದಕ್ಕೆ ಮಾತ್ರ ಹೂಂ ಅನ್ನಲಿಲ್ಲ. ಕನ್ನಡ ಒತ್ತಿದ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡುತ್ತಿದ್ದೇನೆ. ಕೆಲವರು ಬೈದರು. ಒಬ್ಬರು, "ಆ ಮುದುಕಿ ಸತ್ತಾಳಂತ ತಿಳದಿದ್ವಿ" ಅಂದರು.

ಕೆಂಪನ್ನೆಲ್ಲ ಒಂದೊಂದಾಗಿ ಸರಿಮಾಡುತ್ತಿದ್ದೇನೆ. ಸರಿಯಾದ ಮೇಲೂ ಪ್ರತಿಯೊಂದನ್ನೂ ಒಮ್ಮೆ ಬೇಕೆಂದೇ ಕೆಡಿಸಿ ನೋಡುತ್ತೇನೆ. ನಿನ್ನ ಧ್ವನಿಯನ್ನು ತೆಗೆದುಬಿಡುತ್ತೇನೆ, ಟೆಸ್ಟ್ ಕೆಂಪಾಗುತ್ತದೆಯೇ ನೋಡುತ್ತೇನೆ. ಕೆಂಪಾದರೆ ಮಾತ್ರ ಅದರ ಹಸಿರನ್ನು ನಂಬುತ್ತೇನೆ. ಇನ್ನು ಮೇಲೆ ಮಳೆ ಇಲ್ಲದ ದಿನವೂ ಕರೆ ಹೋಗುತ್ತದೆ, ಇವತ್ತು ಮಳೆ ಇಲ್ಲ ಎಂದು ಬಾಯಿಬಿಟ್ಟು ಹೇಳಲು. ಅದೂ ಬರದಿದ್ದರೆ ನಮ್ಮಲ್ಲೇ ಏನೋ ಕೆಟ್ಟಿದೆ ಎಂದು ತಿಳಿಯಲಿ. ಅದಕ್ಕೆ ನಿನ್ನ ಧ್ವನಿ ಮತ್ತೆ ಬೇಕಿತ್ತು.

ಸಣ್ಣಾಯಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಲೇ?

ದೀಪಾಲಿ


22 ಏಪ್ರಿಲ್ 2025

ದೀಪಾಲಿಗೆ,

ಬೇಡ ಎಂದು ನಾಗಣ್ಣನ ಕೈಯಲ್ಲಿ ಹೇಳಿ ಕಳಿಸಿದ್ದು ಮುಟ್ಟಿತಲ್ಲ. ಫೋನಿನಲ್ಲಿ ಆಗಿದ್ದನ್ನು ಫೋನಿನಲ್ಲೇ ತೊಳೆಯಲು ನನಗೆ ಮನಸ್ಸಾಗಲಿಲ್ಲ. ಇನ್ನೊಂದು, ನೀನು ಹೇಳಿದ್ದರೆ ಅರ್ಧವೇ ಹೇಳಿದಂತಾಗುತ್ತಿತ್ತು. ಉಳಿದರ್ಧ ನನ್ನ ಹತ್ತಿರ ಇತ್ತು.

ಆ ಮಧ್ಯಾಹ್ನ ಬೀರವ್ವ ಫೋನ್ ಮಾಡಿದಾಗ ನಾನು ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದೆ. ಬೋರಾಮಣಿಯ ದಿಕ್ಕಿಗೆ ಮೋಡ ಕಟ್ಟಿತ್ತು. ಕರಿ ಮೋಡ. ನಾನು ಕಣ್ಣಾರೆ ನೋಡಿದ್ದೆ. ಕೈಗೆ ಬಂದ ಹಪ್ಪಳ ತೆಗೆದು ಒಳಗಿಡಲೂ ಶುರುಮಾಡಿದ್ದೆ. ಆದರೂ ಅವಳು ಕೇಳಿದಾಗ, ನನ್ನ ಧ್ವನಿ ಬಂದಿಲ್ಲವಲ್ಲ, ಬಾರದೆ ಮಳೆ ಹೇಗೆ ಬಂದೀತು ಎಂಬ ಸೊಕ್ಕು. ನನ್ನ ಹಪ್ಪಳವನ್ನು ಒಳಗಿಟ್ಟು ಅವಳ ಕುರಿಗೆ ಕತ್ತರಿ ಹಾಕಿಸಿದೆ. ಆಮೇಲೆ ಗುಡಿಯಲ್ಲಿ ಹುಡುಗನನ್ನು ಸುಳ್ಳುಗಾರ ಎಂದದ್ದೂ ಅದಕ್ಕೇ. ಅವನು ಖರೆ ಎಂದಾದರೆ, ಮೋಡ ನೋಡಿಯೂ ಹಾಕಿಸು ಎಂದವಳು ಯಾರು ಎಂದು ಮಂದಿ ಕೇಳುತ್ತಿದ್ದರು. ನಿನ್ನ ಹಸಿರು ನನಗೆ ಬೇಕಾಗಿತ್ತು. ನಿನಗೆ ಯಾಕೆ ಬೈಯಲಾಗಲಿಲ್ಲ ಎಂದು ಈಗ ತಿಳಿಯಿತಲ್ಲ.

ಬೀರವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಎದುರಿಗೆ ಕೂತೆ.

"ಬೀರವ್ವ, ಅಮೋಗಿ ಸುಳ್ಳ ಹೇಳಿಲ್ಲ."

"ಬಿಡ ಯಕ್ಕಾ, ಆಗಿದ್ದಾತು. ನೀ ಹೊಟ್ಟ್ಯಾಗ ಹಾಕ್ಕೊಂಡೀ, ಅದ ದೊಡ್ಡದು."

"ಹಾಕ್ಕೊಂಡಿಲ್ಲ. ಬಾಯಿ ಮುಚಗೊಂಡು ಕೇಳು. ಅವನ ಫೋನಿನಾಗ ನನ್ನ ಧ್ವನಿ ಬಂದಿಲ್ಲ. ನಮ್ಮ ದೀಪಾಲಿ ಕೆಡಿಸಿದ್ಲು. ಮತ್ತ ನಾನೂ ಮ್ವಾಡ ನೋಡಿದ್ದೆ."

ಅವಳ ಮೊರ ನಿಂತಿತು. "ನೋಡಿದ್ದಿ?"

"ನೋಡಿದ್ದೆ."

"ನೋಡಿ ಹಾಕಸು ಅಂದಿ."

"ಹೌದು."

"ನನ್ನ ಮಗನ ಕೈಯಾಗ ಭಂಡಾರ ಸುರಿದಾಕೀನೂ ನೀನ."

"ಹೌದವ್ವ."

ಅವಳು ಬೈಯಲಿ, ಮೊರ ಎತ್ತಿ ಹೊಡೆಯಲಿ ಎಂದು ಕೂತೆ. ಅವಳು ಜೋಳದಲ್ಲಿ ಕೈ ಇಟ್ಟುಕೊಂಡೇ ಇದ್ದಳು. "ನಾ ಅವನ್ನ ಹಡದಾಕಿ ಯಕ್ಕಾ. ಒಂದ ಮಾತು, ಖರೇನೇನಪಾ ಅಂತ ಕೇಳಲಿಲ್ಲ. ನಿನ್ನ ಮಾತ ಕೇಳಿದೆ" ಎಂದಳು. ಆಮೇಲೆ, "ಇದನ್ನ ನನಗ್ಯಾಕ ಹೇಳಾಕ ಬಂದಿ? ಅವಗ ಹೋಗಿ ಹೇಳು" ಎಂದು ಮೊರ ಎತ್ತಿಕೊಂಡು ಒಳಗೆ ಹೋಗಿ ಕದ ಹಾಕಿಕೊಂಡಳು.

ಈಗ ಅವಳು ನನ್ನ ಕೂಡ ಮಾತಾಡುವುದಿಲ್ಲ. ಅವಳು ಎಣ್ಣೆ ಹಚ್ಚಿ ಕಾಲು ತಿಕ್ಕಿದ ದಿನಕ್ಕಿಂತ ಇದೇ ಹಗುರ ಅನಿಸುತ್ತದೆ.

ಧ್ವನಿ ಈಗ ಬೇಡ. ಬೇರೆ ಯಾರನ್ನಾದರೂ ಹುಡುಕು. ಮುಂದಿನ ವಾರ ನಾನು ಸೊಲ್ಲಾಪುರಕ್ಕೆ ಬರುತ್ತೇನೆ. ಸ್ಟ್ಯಾಂಡಿಗೆ ಬಾ, ಚಿಂಚೋಳಿಗೆ ಇಬ್ಬರೂ ಹೋಗೋಣ.

ಆಯಿ


2 ಮೇ 2025

ದೀಪಾಲಿಗೆ,

ಊರು ಮುಟ್ಟಿದೆ. ಚಿಂಚೋಳಿಯಿಂದ ತಿರುಗುವಾಗ ರಿಕ್ಷಾದಲ್ಲಿ ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಚಿಂಚೋಳಿಗೆ ಬರುವ ಮೊದಲೇ ಗುಡಿಯ ಕಟ್ಟೆಯ ಮೇಲೆ ಹೇಳಿ ಬಂದಿದ್ದೆ. ಅಂಗೈಯಲ್ಲಿ ಭಂಡಾರ ಹಿಡಿದೇ ಹೇಳಿದೆ. ಅಲ್ಲಿ ಕೂತಿದ್ದ ನಮ್ಮ ಓಣಿಯ ಸಿದ್ಧೇಶ್ವರ ನನ್ನನ್ನು ಉಳಿಸಲು ನೋಡಿದ. "ಕಂಪ್ಯೂಟರ್ ಅಂದಮ್ಯಾಲ ಹಿಂಗ ಆಕೈತಿ ಬಿಡ ಆಯಿ, ನಿಂದೇನ ತಪ್ಪೈತಿ?" ಎಂದ. "ಕಂಪ್ಯೂಟರ್ ಮ್ವಾಡ ನೋಡಿರಲಿಲ್ಲಪಾ, ನಾ ನೋಡಿದ್ದೆ" ಎಂದೆ. ಒಬ್ಬೊಬ್ಬರಾಗಿ ಎದ್ದು ಹೋದರು. ಅಮೋಗಸಿದ್ಧನ ಮೇಲೆ ನಾಲಿಗೆ ಬಿಟ್ಟಾಗ ಹೀಗೆ ಯಾರೂ ಎದ್ದು ಹೋಗಿರಲಿಲ್ಲ.

ಚಿಂಚೋಳಿಯಲ್ಲಿ ನೀನು ಚಹಾದ ಅಂಗಡಿಯ ಹತ್ತಿರವೇ ನಿಂತುಬಿಟ್ಟೆ. ನಾನು ಗೋದಾಮಿನ ಗೇಟಿನಲ್ಲಿ ಅಮೋಗಸಿದ್ಧನ ಹೆಸರು ಹೇಳಿದೆ. ಹೊರಗೆ ಬಂದ. ಮೈಮೇಲೆ ಕಂಪನಿಯ ನೀಲಿ ಅಂಗಿ, ಕೊರಳಲ್ಲಿ ಫೋಟೋದ ಬಿಲ್ಲೆ. ಬಡವಾಗಿದ್ದಾನೆ.

"ಯಾಕ ಬಂದಿ ದೊಡ್ಡವ್ವ? ಅವ್ವಗ ಆರಾಮಿಲ್ಲೇನ?"

"ಅಕಿಗೇನಾಗೇತಿ, ಅದಾಳ. ನಿನಗ ಸುಳ್ಳಗಾರ ಅಂದಿದ್ದೆನಲ್ಲ, ಆ ಮಾತ ತಿರುಗಿ ತಗೊಳ್ಳಾಕ ಬಂದೀನಿ."

ಎಲ್ಲ ಹೇಳಿದೆ. ನಿನ್ನದು, ನನ್ನದು, ಮೋಡ, ಹಪ್ಪಳ, ಏನನ್ನೂ ಬಿಡಲಿಲ್ಲ. ಲಾರಿಗಳು ಹೋಗುತ್ತಿದ್ದವು, ಕೆಲವು ಮಾತು ಎರಡೆರಡು ಸಲ ಹೇಳಬೇಕಾಯಿತು. ಅವನು ನನ್ನ ಮೋರೆ ನೋಡದೆ ಬಿಲ್ಲೆಯನ್ನು ತಿರುವುತ್ತ ನಿಂತಿದ್ದ.

"ಅವತ್ತ ಫೋನಿನಾಗ ಏನೂ ಇದ್ದಿಲ್ಲ?"

"ಇದ್ದಿಲ್ಲ."

"ಖರೇನ?"

"ದೀಪಾಲಿ ತನ್ನ ಕಿವೀಲೆ ಕೇಳಿ ನೋಡ್ಯಾಳ. ಏನೇನೂ ಇದ್ದಿಲ್ಲ."

"ಹಂಗಾದ್ರ ನಾ ಎಚ್ಚರ ಇದ್ದೆ" ಎಂದ.

ನಾನು ಬೈಸಿಕೊಳ್ಳಲು ಹೋದವಳು. ಹಂಗಂದ್ರ ಏನೋ ಎಂದೆ.

"ಎಲ್ಲಾರೂ ಅಂದ್ರಲ್ಲ ದೊಡ್ಡವ್ವ, ನಿದ್ದಿಗಣ್ಣಾಗ ಎತ್ತಿರಬೇಕಂತ. ಬರಬರತ ನನಗೂ ಹಂಗ ಅನಸಾಕತ್ತು. ಇಲ್ಲಿ ಮಕ್ಕೊಂಡ್ರ ನಿನ್ನ ಧ್ವನಿ ಬರ್ತಿತ್ತು, ಕತ್ತರಿ ಹಾಕಸಬ್ಯಾಡೋ ಹುಚ್ಚಾ ಅಂತ. ಕೇಳೇ ಇರಬೇಕು, ಕೇಳಿ ಮರತಿರಬೇಕು, ಕುರಿ ನಾನ ಕೊಂದೀನಿ, ಮ್ಯಾಲ ಭಂಡಾರ ಮುಟ್ಟಿ ಸುಳ್ಳೂ ಹೇಳೀನಿ ಅಂತ ತಿಳಕೊಂಡಿದ್ದೆ."

ನಾವು ಮಂದಿಯನ್ನಷ್ಟೇ ನಂಬಿಸಿದ್ದೆವು ಎಂದುಕೊಂಡಿದ್ದೆ, ದೀಪಾಲಿ. ಅವನನ್ನೂ ನಂಬಿಸಿದ್ದೆವು.

ಮನೆಗೆ ಬಾ ಎಂದೆ. ಈಗ ಆಗದು ಎಂದ. ನಿನ್ನ ಅವ್ವ ಬಾಗಿಲು ನೋಡುತ್ತಾಳೆ ಎಂದೆ. ಕುರಿ ಯಾವ ಕಡೆ ಮೇಯಿಸುತ್ತಾಳೆ, ನೀರಿಗೆ ಎಲ್ಲಿ ಬಿಡುತ್ತಾಳೆ ಎಂದೆಲ್ಲ ಕೇಳಿದ. ನನ್ನನ್ನು ಕ್ಷಮಿಸಿದೆ ಎಂದು ಅವನು ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಹೋಗುವಾಗ ರಸ್ತೆಯ ಆಚೆ ನೋಡಿ, "ಅಲ್ಲಿ ಚಾದಂಗಡಿ ಮುಂದ ನಿಂತಾಕಿ ದೀಪಾಲಿ ಹೌದಲ್ಲ?" ಎಂದ.

"ಹೌದು. ಕರೀಲೇನ?"

ನೀನು ಆಗ ಆ ಕಡೆ ಮೋರೆ ತಿರುಗಿಸಿ ನಿಂತಿದ್ದೆ.

"ಬ್ಯಾಡ. ತಾನಾಗೇ ಬರ್ಲಿ" ಎಂದು ಒಳಗೆ ಹೋದ.

ರವಿವಾರ ಅವನಿಗೆ ಕೆಲಸವಿಲ್ಲ, ಸೂಟಿ. ನಾನು ಜೊತೆಗೆ ಬರುವುದಿಲ್ಲ.

ನಿನ್ನ ಆಯಿ,
ಗುರುಬಾಯಿ